ತಿಪ್ಪೇಶಿ ರಾಕ್ಷಸನಿಗೆ ಮಂತ್ರ ಕಲಿಸಿದ್ದು

ದಾವಣಗೆರೆಯಲ್ಲಿ ಮಿರ್ಚಿ ಮಂಡಕ್ಕಿ ಮಾರುವ ಸಾಕಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಒಬ್ಬನೇ ಆದರೂ ಹತ್ತು ಮಕ್ಕಳಷ್ಟು ತಲೆನೋವು. "ಹಾಲು ಉಕ್ಕುತ್ತೆ, ನೋಡ್ತಿರು" ಅಂದರೆ ಪೂರ್ತಿ ಉಕ್ಕುವವರೆಗೂ ನೋಡಿ, "ಉಕ್ತು ಕಣಮ್ಮಾ!" ಅನ್ನುವವನು.

ಅವನಿಗಿದ್ದ ಸ್ನೇಹಿತರು ಇಬ್ಬರೇ, ಕಲ್ಲೇಶಿ ಮತ್ತು ನಸೀಮಾ. ಭಾನುವಾರ ಮೂವರೂ ತಿಪ್ಪೇಶಿಯ ಮನೆಯಲ್ಲಿ ಮೇಜಿನ ಸುತ್ತ ಕತೆಯಾಟ ಆಡುತ್ತಿದ್ದರು. ಕತೆಯಾಟ ಅಂದರೆ ಏನು ಅಂತಲೂ ಹೇಳಿಬಿಡಬೇಕು. ಇಬ್ಬರು ವೀರರಾಗುತ್ತಾರೆ. ಒಬ್ಬ ಕತೆ ಹೇಳುತ್ತಾ ರಾಕ್ಷಸನನ್ನು ಆಡಿಸುತ್ತಾನೆ. ಏಟು ಬಿತ್ತೋ ಇಲ್ಲವೋ, ಅದನ್ನು ದಾಳ ಹೇಳುತ್ತದೆ. ರಾಕ್ಷಸನನ್ನು ಆಡಿಸುವವನು ನಮ್ಮ ತಿಪ್ಪೇಶಿ.

ಮೊದಲ ಏಟಿಗೇ ರಾಕ್ಷಸ ಸತ್ತ.

"ಏನಲೇ, ಇದು ರಾಕ್ಷಸನೋ ಹಪ್ಪಳಾನೋ?" ಎಂದ ಕಲ್ಲೇಶಿ. "ಹಿಂಗಾದ್ರೆ ನಾವು ಬರಲ್ಲ!"

ಸಾಕಮ್ಮ ಹಣೆ ಬಡಿದುಕೊಂಡಳು. ಇವರಿಬ್ಬರೂ ಹೋದರೆ ಮಗನ ಜೊತೆ ಮಾತಾಡುವವರು ಯಾರು? ಗೋಡೆ!

"ಮುಠ್ಠಾಳ! ರಾಕ್ಷಸನ ಮನೇಲಿ ಇರೋರಿಗೆ ನಾಲ್ಕು ಮಂತ್ರ ಕಲಿಸೋ!"

"ಹೂಂ ಕಣಮ್ಮ, ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ರಾಕ್ಷಸನಿಗೆ ಕಲಿಸಿದ, ಅವನ ನಾಯಿಗೆ ಕಲಿಸಿದ, ನಾಯಿಯ ಮೈಮೇಲಿನ ಚಿಗಟಕ್ಕೂ ಕಲಿಸಿದ. ಮನೇಲಿ ಇರೋರು ತಾನೇ! ವೀರರು ಹೊಸ್ತಿಲು ದಾಟುವ ಮೊದಲೇ ಚಿಗಟ ಮಂತ್ರ ಹಾಕಿತು. ಇಬ್ಬರೂ ಬೂದಿ.

"ನಾನು ಚಿಗಟದ ಕೈಲಿ ಸತ್ತೆನಾ!" ಎಂದು ನಸೀಮಾ ದಾಳ ಎಸೆದಳು.

"ಗೂಬೆ!" ಎಂದಳು ಸಾಕಮ್ಮ. "ಮಂತ್ರ ಒಬ್ಬನಿಗೇ ಸಾಕು. ಎರಡೂ ಕಡೆ ತಕ್ಕಡೀಲಿ ತೂಗಿದಂಗೆ ಸಮ ಇರಬೇಕು!"

"ಹೂಂ ಕಣಮ್ಮ, ಹಂಗೇ ಮಾಡ್ತೀನಿ."

ಅಂಗಡಿಯ ತಕ್ಕಡಿಯನ್ನೇ ತಂದ. ಆಟದಲ್ಲಿ ಎಲ್ಲರಿಗೂ ಒಂದೊಂದು ಮಣ್ಣಿನ ಗೊಂಬೆ ಇತ್ತು. ವೀರರ ಗೊಂಬೆಗಳನ್ನು ಒಂದು ತಟ್ಟೆಗೆ, ರಾಕ್ಷಸನನ್ನು ಇನ್ನೊಂದಕ್ಕೆ ಹಾಕಿದ. ರಾಕ್ಷಸನೇ ಭಾರ. ಅವನ ತಲೆಯನ್ನು ಲಟಕ್ಕನೆ ಮುರಿದ. ಸಮ!

"ರಾಕ್ಷಸ ಮಂತ್ರ ಹೇಳ್ತಾನೆ!" ಎಂದ.

"ಬಾಯಿ ಎಲ್ಲೈತಲೇ?"

"ನನ್ನ ಜೇಬಲ್ಲೈತೆ."

"ಇನ್ನೊಂದೇ ಭಾನುವಾರ ನೋಡ್ತೀವಿ," ಎಂದ ಕಲ್ಲೇಶಿ. "ಆಮೇಲೆ ನಾವು ಕೇರಂ ಆಡೋಕೆ ಹೋಗ್ತೀವಿ."

ಸಾಕಮ್ಮನಿಗೆ ಅಳುವೇ ಬಂತು. "ಮುಖ ನೋಡೋ, ಮುಖ! ಬಾಡಿದ್ರೆ ರಾಕ್ಷಸನ್ನ ಸೋಲಿಸು. ನಗ್ತಿದ್ರೆ ಇನ್ನೊಂದು ಮಂತ್ರ ಹಾಕಿಸು!"

"ಹೂಂ ಕಣಮ್ಮ, ಹಂಗೇ ಮಾಡ್ತೀನಿ."

ಆ ಭಾನುವಾರ ಆಟ ಏರಿತು. ನಕ್ಕರೆ ಮಂತ್ರ, ಬಾಡಿದರೆ ರಾಕ್ಷಸ ಹಿಂದಕ್ಕೆ. ವೀರರಿಗೆ ಕೊನೆಯ ಉಸಿರು, ರಾಕ್ಷಸನಿಗೆ ಕೊನೆಯ ಮಂತ್ರ. ನಸೀಮಾ ದಾಳ ಕುಲುಕಿದಳು. ಅಷ್ಟರಲ್ಲಿ ಒಳಗೆ ಮಿರ್ಚಿ ಕರಿಯುತ್ತಿದ್ದ ಸಾಕಮ್ಮನ ಕೈಗೆ ಎಣ್ಣೆ ಸಿಡಿಯಿತು. "ಅಯ್ಯಪ್ಪಾ!"

ತಿಪ್ಪೇಶಿ ತಿರುಗಿ ನೋಡಿದ. ಮುಖ ಬಾಡಿತ್ತು!

"ರಾಕ್ಷಸ ಸತ್ತ! ನಮ್ಮಮ್ಮ ಗೆದ್ದಳು!"

"ಆಯಮ್ಮ ಆಟದಲ್ಲೇ ಇಲ್ಲವಲ್ಲೋ!"

"ಮುಖ ಇತ್ತಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ನಗ್ತಿದೀರಾ? ಹಂಗಾದ್ರೆ ರಾಕ್ಷಸ ಎದ್ದ!"

"ಸಾಕು ನಿಲ್ಸೋ, ಹೊಟ್ಟೆ ನೋಯ್ತೈತೆ!" ಎಂದಳು ನಸೀಮಾ. "ಮುಂದಿನ ವಾರಾನೂ ಬರ್ತೀವಿ. ನಿಮ್ಮಮ್ಮಂಗೂ ಒಂದು ಗೊಂಬೆ ಮಾಡು."

ಸಾಕಮ್ಮ ಸುಟ್ಟ ಕೈಗೆ ಉಫ್ ಉಫ್ ಎಂದು ಊದುತ್ತಲೇ ನಕ್ಕಳು. ಸದ್ಯ, ಗೋಡೆ ಬಚಾವಾಯಿತು!

ತಿಪ್ಪೇಶಿ ಗೊಂಬೆ ಮಾಡಿದ. ತಕ್ಕಡಿಗೆ ಹಾಕಿದ. ನೋಡಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ:

"ಅಮ್ಮಾ, ನೀನೇ ಭಾರ! ನಿನ್ನ ತಲೆ ಮುರೀಲಾ?"