ಹದಿನಾಲ್ಕು ಮೊದಲ ಪಾಠಗಳು

"ಗುರುಗಳೇ, ನನಗೆ ತಕ್ಕ ಗುರು ಇವರೇ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಕೇಳಿದ್ದು ಮೂರನೆಯ ದಿನದ ಸಂಜೆ. ಈ ಶಿಷ್ಯನಿಗೊಂದು ಪದ್ಧತಿಯಿತ್ತು. ಯಾವ ಆಶ್ರಮಕ್ಕೆ ಹೋದರೂ ಮೂರು ದಿನ ಇರುತ್ತಿದ್ದ. ಮೊದಲ ದಿನ ಗುರುವಿನ ಮಾತಿಗೆ ಮೈಮರೆಯುತ್ತಿದ್ದ. ಎರಡನೆಯ ದಿನ ಏನೋ ಒಂದು ಕೊರತೆ ಕಣ್ಣಿಗೆ ಬೀಳುತ್ತಿತ್ತು. ಮೂರನೆಯ ದಿನ ಬಸ್ಸಿನ ವೇಳೆ ವಿಚಾರಿಸುತ್ತಿದ್ದ. ಹೀಗೆ ಹನ್ನೊಂದು ಆಶ್ರಮಗಳು ಮುಗಿದಿದ್ದವು. ಇದು ಹನ್ನೆರಡನೆಯದು. ಇಲ್ಲಿ ಅವನಿಗೆ ಕಂಡ ಕೊರತೆಯೆಂದರೆ, ಗುರುಗಳು ಊಟವಾದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅವನ ಚೀಲ ಆಗಲೇ ತುಂಬಿ, ಕಂಬಕ್ಕೆ ಒರಗಿ ಕೂತಿತ್ತು.

ಗುರುಗಳು ಚೀಲವನ್ನೊಮ್ಮೆ ನೋಡಿದರು. "ಬಸ್ಸು ಇರೋದು ಬೆಳಿಗ್ಗೆ. ಕೂತ್ಕೋಪ್ಪ," ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನಿಗೊಬ್ಬ ಮಗ. ಮಗ ಬಿ.ಎಸ್ಸಿ. ಓದುತ್ತಿದ್ದ. ಉಳಿದ ವಿಷಯಗಳನ್ನೆಲ್ಲ ಹೇಗೋ ದಾಟಿಕೊಂಡ. ಲೀನಿಯರ್ ಆಲ್ಜೀಬ್ರಾ ಎಂಬ ಒಂದು ಗಣಿತ ಮಾತ್ರ ಅವನನ್ನು ದಾಟಗೊಡಲಿಲ್ಲ. ಅದು ಅಂಕಿಗಳನ್ನು ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂರಿಸಿ, ಎರಡು ಪಕ್ಕಕ್ಕೂ ಕಂಸ ಹಾಕಿ, ಒಂದು ಪಂಕ್ತಿಯನ್ನು ಇನ್ನೊಂದರಿಂದ ಕಳೆಯುವ ವಿದ್ಯೆ. ಯಾಕೆ ಕಳೆಯಬೇಕು ಎಂಬುದೇ ಅವನಿಗೆ ತಿಳಿಯಲಿಲ್ಲ. ಮೊದಲ ಸಲ ಎಂಬತ್ತಕ್ಕೆ ಹತ್ತೊಂಬತ್ತು ಬಂತು. ಎರಡನೆಯ ಸಲ ಇಪ್ಪತ್ತೆರಡು. ಮೂರನೆಯ ಸಲವೂ ಬಿದ್ದರೆ ಮುಂದಿನ ತರಗತಿಗೆ ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಬರೆಯಬೇಕು ಎಂದು ಕಾಲೇಜಿನವರು ಹೇಳಿದರು.

ಮನೆಯಲ್ಲಿ ಕೂರುವುದೆಂದರೆ ಅಂಗಡಿಯಲ್ಲಿ ಕೂರುವುದು. ಅಂಗಡಿಯಲ್ಲಿ ಕೂರುವುದೆಂದರೆ ಸೀರೆ ಮಡಿಸುವುದು. ಒಂದು ಸಂಸಾರ ಸೀರೆ ಕೊಳ್ಳಲು ಬಂದು ಗಾದಿಯ ಮೇಲೆ ಕೂತರೆ ಐವತ್ತು ಸೀರೆ ಬಿಚ್ಚಿಸುತ್ತದೆ. ಅತ್ತೆಗೆ ಅಂಚು ಹಿಡಿಸಿದರೆ ಸೊಸೆಗೆ ಸೆರಗು ಹಿಡಿಸುವುದಿಲ್ಲ. ಇಬ್ಬರಿಗೂ ಹಿಡಿಸಿದ ಬಣ್ಣ ನಾದಿನಿಯ ಹತ್ತಿರ ಆಗಲೇ ಇರುತ್ತದೆ. ಅವರು ಎದ್ದು ಹೋದ ಮೇಲೆ ಗಾದಿಯ ಮೇಲೆ ಸೊಂಟದೆತ್ತರ ಸೀರೆಗಳ ರಾಶಿ. ಅದನ್ನು ಒಂದೊಂದಾಗಿ ಮೊದಲಿನ ಮಡಿಕೆಗೆ ತರಬೇಕು. ಮಗ ಹತ್ತನೆಯ ವಯಸ್ಸಿನಿಂದ ಮಡಿಸಿದ್ದ. ಕನಸಿನಲ್ಲೂ ಮಡಿಸುತ್ತಿದ್ದ. ಇನ್ನೊಂದು ವರ್ಷ ಬೆಳಗಿನಿಂದ ಸಂಜೆಯವರೆಗೆ ಮಡಿಸಬೇಕೆಂದು ನೆನೆದರೆ ಅವನ ಬೆರಳುಗಳು ತಾವಾಗಿಯೇ ಸೆಟೆದುಕೊಳ್ಳುತ್ತಿದ್ದವು.

ಪರೀಕ್ಷೆಗೆ ನೂರು ದಿನವಿತ್ತು. ಮನೆಪಾಠ ಹೇಳುವವರು ಯಾರಾದರೂ ಬೇಕು ಎಂದು ಅವನು ನಿರ್ಧರಿಸಿದ. ಅಲ್ಲಿಯವರೆಗೆ ಸರಿಯಾಗಿಯೇ ಯೋಚಿಸಿದ್ದ.

ಮನೆಪಾಠದವರಲ್ಲಿ ಈಗೊಂದು ಪದ್ಧತಿಯಿದೆ. ಮೊದಲ ದಿನದ ಪಾಠ ಬಿಟ್ಟಿ. ಅದಕ್ಕೆ ಡೆಮೊ ಎನ್ನುತ್ತಾರೆ. ಮೇಷ್ಟ್ರು ಹಿಡಿಸಿದರೆ ಮರುದಿನ ಹೋಗಬೇಕು, ಹಿಡಿಸದಿದ್ದರೆ ಇಲ್ಲ. ಇದನ್ನು ಕೇಳಿದ ಕೂಡಲೇ ಸೀರೆ ವ್ಯಾಪಾರಿಯ ಮಗನಿಗೆ ತನ್ನ ಮನೆಯಂಗಳಕ್ಕೆ ಬಂದಷ್ಟು ಧೈರ್ಯ ಬಂತು. ಗಣಿತ ಬಾರದಿದ್ದರೇನು, ಬಿಚ್ಚಿಸಿ ನೋಡುವುದು ಹೇಗೆಂದು ಅವನಿಗೆ ಬರುತ್ತಿತ್ತು. ತೋರಿಸಿದ ಮೊದಲ ಸೀರೆಯನ್ನೇ ಒಪ್ಪಿಕೊಂಡು ಎದ್ದು ಹೋದ ಒಬ್ಬ ಗಿರಾಕಿಯನ್ನೂ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೊದಲು ಸಿಕ್ಕವರು ನಿವೃತ್ತರಾದ ಒಬ್ಬ ಮೇಡಂ. ಹಿಟ್ಟಿನ ಗಿರಣಿಯ ಮೇಲಿನ ಮನೆ. ಕೆಳಗೆ ಗಿರಣಿ ಓಡಿದರೆ ಮೇಲೆ ಕಿಟಕಿಯ ಗಾಜು, ಮೇಜಿನ ಮೇಲಿನ ಲೋಟ, ಮೇಡಂ ಅವರ ಕನ್ನಡಕ ಎಲ್ಲವೂ ನಡುಗುತ್ತಿದ್ದವು. ಅವರು ಕಾಗದದ ಮೇಲೆ ಒಂದು ಹೋಟೆಲಿನ ಲೆಕ್ಕ ಬರೆದರು. ಎರಡು ಇಡ್ಲಿ, ಒಂದು ವಡೆಗೆ ನಲವತ್ತು ರೂಪಾಯಿ. ಒಂದು ಇಡ್ಲಿ, ಎರಡು ವಡೆಗೆ ಐವತ್ತು. ಇಡ್ಲಿ ಎಷ್ಟು, ವಡೆ ಎಷ್ಟು? ಬರೆದು ಪೆನ್ನನ್ನು ಅವನ ಕಡೆ ಸರಿಸಿ ಸುಮ್ಮನೆ ಕೂತರು. ಅವನು ತಲೆ ಕೆರೆದುಕೊಂಡ. ಅವರು ಏನೂ ಹೇಳಲಿಲ್ಲ. ಕೆಳಗೆ ಒಬ್ಬರ ಜೋಳ ಮುಗಿದು ಇನ್ನೊಬ್ಬರ ಗೋಧಿ ಶುರುವಾಯಿತು. ಆಗಲೂ ಹೇಳಲಿಲ್ಲ. ಕೊನೆಗೆ ಅವನು ಎರಡನೆಯ ಸಾಲನ್ನು ಇಮ್ಮಡಿ ಮಾಡಿ, ಅದರಿಂದ ಮೊದಲನೆಯದನ್ನು ಕಳೆದ. ಮೂರು ವಡೆಗೆ ಅರವತ್ತು ಎಂದು ಬಂತು. ವಡೆ ಇಪ್ಪತ್ತು, ಇಡ್ಲಿ ಹತ್ತು. ಯಾಕೆ ಕಳೆಯಬೇಕು ಎಂಬುದು ಒಂದು ಗಳಿಗೆ ಮಿಂಚಿದ ಹಾಗಾಯಿತು.

ಆದರೆ ಗಿರಣಿಯ ಸದ್ದು ಬಹಳವಿತ್ತು. ಮೇಲಾಗಿ ಇವರು ಮೊದಲನೆಯವರು.

"ಇನ್ನೂ ಒಂದಿಬ್ಬರನ್ನ ನೋಡ್ಕೊಂಡು ಬರ್ತೀನಿ ಮೇಡಂ," ಎಂದ. ಅಂಗಡಿಯಿಂದ ಎದ್ದು ಹೋಗುವವರು ಅವನ ಅಪ್ಪನಿಗೆ ದಿನವೂ ಹೇಳುವ ಮಾತು ಅದು.

"ನೋಡ್ಕೊಂಡು ಬಾ. ನಾನೂ ಇಲ್ಲೇ ಇರ್ತೀನಿ, ಗಿರಣಿನೂ ಇಲ್ಲೇ ಇರುತ್ತೆ," ಎಂದರು ಮೇಡಂ.

ಎರಡನೆಯವರಿಗೆ ಚಿನ್ನದ ಪದಕ ಬಂದಿತ್ತು. ಅದನ್ನು ಗೋಡೆಗೆ ತೂಗುಹಾಕಿದ್ದರು. ಪಾಠ ಚೆನ್ನಾಗಿಯೇ ಇತ್ತು, ಅಕ್ಷರ ಸಾಸಿವೆಯಷ್ಟು. ಮೂರನೆಯವರು ಫೋನಿನಲ್ಲಿ ಮುಖ ತೋರಿಸಿ ಕಲಿಸುವವರು. ಇಡ್ಲಿಯ ಬೆಲೆ ಹೇಳುವ ಹೊತ್ತಿಗೆ ಸರಿಯಾಗಿ ಅವರ ಮುಖ ನಿಂತುಹೋಯಿತು, ಬಾಯಿ ತೆರೆದ ಹಾಗೆಯೇ. ಇನ್ನೊಬ್ಬರು ಪ್ರತಿ ಸಾಲಿಗೂ "ಇದು ಗೊತ್ತೇ ಇದೆ" ಎನ್ನುತ್ತಿದ್ದರು. ಗೊತ್ತಿದ್ದರೆ ನಾನೇಕೆ ಬರುತ್ತಿದ್ದೆ ಎಂದು ಇವನು ಮನಸ್ಸಿನಲ್ಲೇ ಗೊಣಗಿ ಎದ್ದು ಬಂದ. ಒಬ್ಬರ ಮನೆಯ ನಾಯಿ ಸರಿಯಿರಲಿಲ್ಲ. ಒಬ್ಬರು ತೀರಾ ಎಳೆಯರು, ಒಬ್ಬರು ತೀರಾ ಹಳಬರು. ಎಲ್ಲರಿಗೂ ಇವನು ಒಂದೇ ಮಾತು ಹೇಳಿ ಮೆಟ್ಟಿಲಿಳಿಯುತ್ತಿದ್ದ. ವಾರಕ್ಕೊಬ್ಬರು ಸಿಗುತ್ತಿದ್ದರು. ವಾರಗಳು ಕಳೆಯುತ್ತಿದ್ದವು.

ಆದರೆ ಒಂದು ಸಂಗತಿ ಅವನ ಗಮನಕ್ಕೆ ಬರಲಿಲ್ಲ. ಮೇಷ್ಟ್ರು ಬೇರೆ ಬೇರೆಯಾದರೂ ಮೊದಲ ಪಾಠ ಎಲ್ಲರದೂ ಒಂದೇ. ಎಲ್ಲರೂ ಅವನನ್ನು ಹೋಟೆಲಿಗೇ ಕರೆದುಕೊಂಡು ಹೋಗುತ್ತಿದ್ದರು. ಒಬ್ಬರ ಇಡ್ಲಿ ಹತ್ತು ರೂಪಾಯಿ, ಇನ್ನೊಬ್ಬರದು ಹದಿನೈದು. ಏಳನೆಯವರು ಮಾತ್ರ ಪೆನ್ನು ಪೆನ್ಸಿಲ್ ತಂದರು. ಅವರಿಗೆ ಸಕ್ಕರೆ ಕಾಯಿಲೆ, ತಿಂಡಿಯ ಸುದ್ದಿ ಎತ್ತುತ್ತಿರಲಿಲ್ಲ.

ಹೀಗಾಗಿ ಒಂದು ವಿಚಿತ್ರ ನಡೆಯಿತು. ಎಂಟನೆಯವರು ಲೆಕ್ಕ ಬರೆದು ಮುಗಿಸುವ ಮೊದಲೇ ಇವನು ವಡೆಯ ಬೆಲೆ ಹೇಳಿದ. ಅವರು ಭೇಷ್ ಎಂದರು. ಒಂಬತ್ತನೆಯವರು ಇಷ್ಟು ಚುರುಕಾದ ಹುಡುಗನನ್ನು ತಾವು ಕಂಡೇ ಇಲ್ಲವೆಂದರು. ಹನ್ನೊಂದನೆಯವರು ಹೆಂಡತಿಯನ್ನು ಒಳಗಿನಿಂದ ಕರೆದು ತೋರಿಸಿದರು. ಹದಿಮೂರನೆಯವರು ಕೂಡುವಾಗ ತಪ್ಪು ಮಾಡಿದರು, ಇವನು ತಿದ್ದಿದ. ಇದೆಲ್ಲ ಅವನ ಅಮ್ಮನ ಕಿವಿಗೆ ಬಿತ್ತು, ಅಮ್ಮನಿಂದ ಕೇರಿಗೆ ಹೋಯಿತು. ನಲ್ಲಿಯ ಹತ್ತಿರ ನಿಂತ ಹೆಂಗಸರು, ಎರಡು ಸಲ ಇವನನ್ನು ಫೇಲು ಮಾಡಿದವರಿಗೆ ಕಣ್ಣಿರಲಿಲ್ಲ ಎಂದು ತೀರ್ಮಾನ ಕೊಟ್ಟರು. ಹದಿನಾಲ್ಕನೆಯವರು ಪೆನ್ನಿನ ಮುಚ್ಚಳ ಹಾಕಿ, ಇದು ನಿನಗೆ ನೀರು ಕುಡಿದ ಹಾಗೆ, ನಿನಗೆ ಮೇಷ್ಟ್ರು ಯಾಕೆ ಎಂದು ಕೇಳಿದರು.

ಮಗ ಆ ಮಾತನ್ನು ಎದೆಗೆ ಅಪ್ಪಿಕೊಂಡು ಮನೆಗೆ ಬಂದ. ತನಗೆ ತಕ್ಕ ಗುರು ಊರಿನಲ್ಲಿ ಯಾಕೆ ಸಿಕ್ಕಿರಲಿಲ್ಲ ಎಂಬುದು ಅವನಿಗೆ ಈಗ ಅರ್ಥವಾಯಿತು. ತಾನೇ ಎಲ್ಲರಿಗಿಂತ ಮುಂದಿದ್ದ. ಪರೀಕ್ಷೆಗೆ ಎರಡು ದಿನ ಉಳಿದಿತ್ತು. ಎರಡು ದಿನವೂ ಚೆನ್ನಾಗಿ ನಿದ್ದೆ ಮಾಡಿದ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಬಿಚ್ಚಿದ. ಮೊದಲ ಪ್ರಶ್ನೆ, ಎರಡು ಸಮೀಕರಣ, ಎರಡು ಅಂಕ. ಇಡ್ಲಿ ವಡೆಗಳ ಹೆಸರಿರಲಿಲ್ಲ, ಆದರೆ ಅವನು ಗುರುತು ಹಿಡಿದ. ಮಡಿಸಿದ ಸೀರೆಯ ತುದಿ ಕಂಡರೆ ಇಡೀ ಸೀರೆ ಹೇಳಬಲ್ಲ ಮನೆತನ. ಮೇಡಂ ಕಲಿಸಿದ ಹಾಗೆ ಮಾಡಿದ. ಪದಕದವರ ಹಾಗೆ ಇನ್ನೊಮ್ಮೆ ಮಾಡಿದ. ಎರಡು ಗೆರೆ ಎಳೆದು ಅವು ಕೂಡುವ ಜಾಗ ತೋರಿಸಿದ. ಹದಿನಾಲ್ಕು ಮೇಷ್ಟ್ರ ಹದಿನಾಲ್ಕು ಬಗೆಗಳನ್ನೂ, ಒಬ್ಬರಿಗೂ ಅನ್ಯಾಯವಾಗದಂತೆ, ಒಂಬತ್ತು ಪುಟ ತುಂಬ ಬರೆದ. ತಲೆಯೆತ್ತಿದಾಗ ಎರಡು ಗಂಟೆ ಕಳೆದಿತ್ತು. ಪುಟ ಮಗುಚಿದ. ಎರಡನೆಯ ಪ್ರಶ್ನೆಯಲ್ಲಿ ಐಗನ್ ವ್ಯಾಲ್ಯೂ ಕಂಡುಹಿಡಿಯಿರಿ ಎಂದಿತ್ತು. ಈ ಐಗನ್ ಯಾರೆಂದು ಅವನಿಗೆ ತಿಳಿಯಲಿಲ್ಲ. ಹೋಗಿಬಂದ ಹೋಟೆಲುಗಳಲ್ಲಿ ಎಲ್ಲೂ ಆ ಮನುಷ್ಯ ಕಂಡಿರಲಿಲ್ಲ. ಅಲ್ಲಿಂದ ಕೊನೆಯವರೆಗೂ ಅಪರಿಚಿತರೇ.

ಫಲಿತಾಂಶ ಬಂತು. ಹದಿನಾಲ್ಕು ಬಗೆಯ ಉತ್ತರಗಳೂ ಸರಿಯಾಗಿದ್ದವು. ಪರೀಕ್ಷಕರು ಎರಡಕ್ಕೆ ಎರಡು ಕೊಟ್ಟಿದ್ದರು. ಒಟ್ಟು ಎಂಬತ್ತಕ್ಕೂ ಅದೇ ಎರಡು.

ಮಗ ಆ ಸಂಜೆ ಅಂಗಡಿಗೆ ಹೋದ. ಆಗಷ್ಟೇ ಒಂದು ಮದುವೆಯ ಮನೆಯವರು ಎದ್ದು ಹೋಗಿದ್ದರು. ಗಾದಿ ಕಾಣುತ್ತಿರಲಿಲ್ಲ, ಬರೀ ಸೀರೆ. ಅಪ್ಪ ಬೈಯಲಿಲ್ಲ. ಒಂದು ಸೀರೆಯ ತುದಿಯನ್ನು ಅವನ ಕಡೆ ಎಸೆದ. ಉದ್ದದ ಸೀರೆ ಮಡಿಸಲು ಎರಡು ತುದಿಗೆ ಇಬ್ಬರು ಬೇಕು. ಇಬ್ಬರೂ ಎದುರುಬದುರು ನಿಂತು ಜಗ್ಗಿ ಸರಿಮಾಡಿ ಮಡಿಸತೊಡಗಿದರು. ಹತ್ತು ಹನ್ನೆರಡು ಸೀರೆ ಮುಗಿದವು.

"ಎಷ್ಟು ಜನ ಮೇಷ್ಟ್ರನ್ನ ನೋಡಿದೆ?" ಎಂದು ಅಪ್ಪ ಕೇಳಿದ.

"ಹದಿನಾಲ್ಕು."

"ಯಾರ ಹತ್ರ ಎರಡನೇ ದಿನ ಹೋದೆ?"

ಮಗ ಸೀರೆಯ ಅಂಚು ನೋಡುತ್ತ ನಿಂತ.

"ಐವತ್ತು ಬಿಚ್ಚಿಸ್ತಾರೆ, ನಾನೂ ಒಳಗೊಳಗೇ ಬೈಕೋತೀನಿ," ಎಂದ ಅಪ್ಪ. "ಆದರೂ ಎದ್ದು ಹೋಗುವಾಗ ಕಂಕುಳಲ್ಲಿ ಒಂದು ಸೀರೆ ಇರುತ್ತೆ ಕಣೋ. ಎಲ್ಲಾ ಬಿಚ್ಚಿಸಿ ಬರಿಗೈಲಿ ಹೋಗೋ ಗಿರಾಕಿ ನನ್ನ ಹೊಟ್ಟೇಲೇ ಹುಟ್ತಾನೆ ಅಂದ್ಕೊಂಡಿರಲಿಲ್ಲ."

ಇನ್ನೆರಡು ಸೀರೆ ಮಡಿಸಿದ ಮೇಲೆ ಅಪ್ಪ ತನ್ನ ಕಸುಬಿನ ಒಂದು ಗುಟ್ಟು ಹೇಳಿದ. ಹತ್ತು ವರ್ಷ ಮಡಿಸಿದರೂ ಮಗನಿಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಅವನು ಯಾವಾಗಲೂ ರಾಶಿಯನ್ನೇ ನೋಡುತ್ತಿದ್ದ. ಸೀರೆ ಹಾಸುವಾಗ ಗಿರಾಕಿಯ ಮುಖ ನೋಡಬಾರದು, ಕೈ ನೋಡಬೇಕು. ಯಾವುದೋ ಒಂದರ ಮೇಲೆ ಕೈ ಒಂದು ಗಳಿಗೆ ನಿಲ್ಲುತ್ತದೆ. ಬಾಯಿ ಬೇಡ ಎನ್ನುತ್ತಿರುತ್ತದೆ, ಬೇರೆ ತೋರಿಸಿ ಎನ್ನುತ್ತಿರುತ್ತದೆ. ಆಗ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದಿಡಬೇಕು. ಬಿಚ್ಚಿಸಿ ಬಿಚ್ಚಿಸಿ ಅವರು ದಣಿದ ಮೇಲೆ ಅದನ್ನೇ ಮತ್ತೆ ಮುಂದೆ ಹಾಸಬೇಕು. ಹತ್ತರಲ್ಲಿ ಎಂಟು ಮಂದಿ ಅದನ್ನೇ ಒಯ್ಯುತ್ತಾರೆ.

"ನಿನ್ನ ಕೈ ಎಲ್ಲಿ ನಿಂತಿತ್ತು?" ಎಂದು ಕೇಳಿದ.

ಮಗ ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ. ಮರುದಿನ ಗಿರಣಿಯ ಮೆಟ್ಟಿಲು ಹತ್ತಿದ.

ಮೇಡಂ ಅವನನ್ನು ಗುರುತಿಸಿದರು. ನೋಡಿಕೊಂಡು ಬಂದೆಯಾ ಎಂದು ಕೇಳಿದರು. ಬಂದೆ ಎಂದ. ಹಿಂದಿನ ಪಾಠ ಮರೆತಿಲ್ಲವೆಂದು ತೋರಿಸಲು, ಇಡ್ಲಿ ಹತ್ತು, ವಡೆ ಇಪ್ಪತ್ತು ಎಂದು ಶುರು ಮಾಡಿದ.

"ಆ ಇಡ್ಲಿ ಆವತ್ತಿಂದ ಹಳಸಿಹೋಯ್ತು. ಕೂತ್ಕೋ," ಎಂದರು ಮೇಡಂ.

ಅವನು ಕೂತ. ಎರಡನೆಯ ಪಾಠದಲ್ಲಿ ಹೋಟೆಲೇ ಇರಲಿಲ್ಲ. ಹುಡುಗ ಚುರುಕು ಎಂದು ಯಾರೂ ಹೇಳಲಿಲ್ಲ. ಮೇಡಂ ಬರೆದು, ಪೆನ್ನು ಅವನ ಕಡೆ ಸರಿಸಿ, ಮೊದಲಿನ ಹಾಗೆಯೇ ಸುಮ್ಮನೆ ಕೂತರು. ಅವನು ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ತಾನು ದಡ್ಡನೆಂದು ಅವನಿಗೆ ಇಷ್ಟು ದಿನಗಳಲ್ಲಿ ಮೊದಲ ಸಲ ಅನ್ನಿಸಿತು. ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದುಕೊಂಡ. ಗಿರಣಿಯ ಸದ್ದಿನಲ್ಲಿ ಯಾರಿಗೆ ತಾನೇ ತಲೆ ಓಡುತ್ತದೆ? ಬಸ್ ನಿಲ್ದಾಣದ ಹಿಂದೆ ಹದಿನೈದನೆಯವರು ಒಬ್ಬರಿದ್ದಾರೆಂದು ಗೆಳೆಯನೊಬ್ಬ ಹೇಳಿದ್ದ. ಅವರ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದಂತೆ. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆಗೇ ಹೊರಟ. ಅಂಗಡಿಯ ಮುಂದೆ ಹಾಯುವಾಗ ಅಪ್ಪ ಒಬ್ಬನೇ ಸೀರೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಮಡಿಸುತ್ತಿದ್ದ. ತಲೆಯೆತ್ತಿ ನೋಡಿ, ಮತ್ತೆ ಮಡಿಕೆಗೆ ಬಗ್ಗಿದ. ಮಗ ಅಲ್ಲಿಂದ ತಿರುಗಿ ಗಿರಣಿಗೆ ನಡೆದ.

ಅದು ಮೂರನೆಯ ಪಾಠ. ಅವತ್ತು ಸಂತೆ. ಕೆಳಗೆ ಗಿರಣಿ ಬಿಡುವಿಲ್ಲದೆ ಓಡುತ್ತಿತ್ತು. ಅವನು ಒಂದು ಲೆಕ್ಕದ ಮೇಲೆ ಬಗ್ಗಿ ಕೂತಿದ್ದ. ಪಂಕ್ತಿಯಿಂದ ಪಂಕ್ತಿ ಕಳೆಯುತ್ತ ಹೋದ. ಯಾಕೆ ಕಳೆಯಬೇಕೆಂದು ಮೊದಲ ದಿನ ಮಿಂಚಿ ಮರೆಯಾದದ್ದು ಮತ್ತೆ ಎಲ್ಲೋ ಮೂಲೆಯಲ್ಲಿ ಮಿಣುಕಿತು. ಆಗ ಇದ್ದಕ್ಕಿದ್ದಂತೆ ಏನೋ ಆಯಿತು. ತಲೆಯೆತ್ತಿದ. ಗಿರಣಿ ನಿಂತಿತ್ತು. ನಿಂತ ಮೇಲೆ ಅವನಿಗೆ ತಿಳಿಯಿತು, ಇಷ್ಟು ಹೊತ್ತೂ ಅದು ಓಡುತ್ತಿತ್ತು ಎಂದು.

ಗುರುಗಳು ಇಲ್ಲಿಗೆ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಏಳಲು ಅನುವಾದರು.

ಶಿಷ್ಯ ಕಾದು ನೋಡಿದ. ಗುರುಗಳು ಮುಂದುವರಿಸುವ ಹಾಗೆ ಕಾಣಲಿಲ್ಲ.

"ಆಮೇಲೆ ಗುರುಗಳೇ? ಆ ಹುಡುಗ ಪಾಸಾದನೇ?"

ಗುರುಗಳು ಕಂಬಕ್ಕೆ ಒರಗಿದ್ದ ಚೀಲವನ್ನು ಇನ್ನೊಮ್ಮೆ ನೋಡಿ ಹೇಳಿದರು:

"ಅದು ನಾಲ್ಕನೆಯ ದಿನದ ಪಾಠ."