ಹೆಸರು ಕೆತ್ತಿಸಿದ ಮುಚ್ಚಳ

"ಗಾಜಿನವಳೇ, ಸಾರು ಕಾಯಿಸುವುದು ನಿನ್ನಿಂದ ಆಗದು" ಎಂದು ಬಟ್ಟಲಿಗೆ ಹೇಳಿದ್ದು ಸ್ಟೀಲ್ ಡಬರಿ.

ಬಿಸಿ ತಡೆಯುವ ಗಾಜಿನ ಆ ಬಟ್ಟಲು ಮೈಕ್ರೋವೇವನ್ನು ಕೇಳಿತು: "ಅಣ್ಣಾ, ಒಳಗೆ ಉರಿಯೇ ಇಲ್ಲ, ಹೇಗೆ ಬಿಸಿ ಮಾಡುತ್ತೀಯ?"

"ಬಂದು ನೋಡು. ಆದರೆ ನಿನ್ನ ಸ್ಟೀಲ್ ಮುಚ್ಚಳ ಹೊರಗಿರಲಿ. ಅದು ಒಳಗೆ ಬಂದರೆ ಕಿಡಿ ಹಾರುತ್ತದೆ."

ಮನೆಯೊಡತಿಯ ಹೆಸರು ಕೆತ್ತಿಸಿದ್ದು ಆ ಮುಚ್ಚಳದ ಮೇಲೆಯೇ. ಡಬರಿ ನಕ್ಕಿತು: "ನನಗಾದರೆ ಮೈಮೇಲೆಯೇ ಹೆಸರಿದೆ. ಮುಚ್ಚಳ ಬಿಟ್ಟರೆ ನೀನು ಯಾರ ಮನೆಯವಳೆಂದು ಯಾರು ಗುರುತಿಸುತ್ತಾರೆ?"

"ಒಳಗೇನಿದೆಯೆಂದು ನೋಡದೆ ನಾನಿರಲಾರೆ" ಎಂದ ಬಟ್ಟಲು, ಮುಚ್ಚಳವನ್ನು ಡಬರಿಯ ಪಕ್ಕದಲ್ಲೇ ಬಿಟ್ಟು ಒಳಗೆ ಹೋಯಿತು. ಅದರೊಳಗಿನ ಸಾರು ಕುದಿಯಿತು, ಕಿಡಿ ಹಾರಲಿಲ್ಲ.

ಈಗ ಆ ಮನೆಯ ಬಿಸಿ ಸಾರೆಲ್ಲ ಬಟ್ಟಲಿನದು; ಮುಚ್ಚಳ ಮಾತ್ರ ಮತ್ತೆ ಅದರ ಮೇಲೆ ಕೂರಲಿಲ್ಲ. ಅದಕ್ಕಾಗಿ ಅದು ತೆತ್ತದ್ದು ಕೆತ್ತಿಸಿದ ಹೆಸರನ್ನು.