ಕಿಂಡಿಯಲ್ಲಿ ಸಿಕ್ಕಿಕೊಂಡ ಖಾಲಿ ತೋಟಾ

ಮಲಪ್ರಭೆಯ ದಂಡೆಯ ಮೇಲೆ ಒಂದು ಪೊಲೀಸ್ ತರಬೇತಿ ಶಾಲೆ. ಅಲ್ಲಿ ಬಂದೂಕು ರಿಪೇರಿ ಕಲಿಸುತ್ತಿದ್ದ ದಸ್ತಗೀರಸಾಬರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಿದ್ದರು. ಮಾತು ಕಡಿಮೆ, ಚಹಾ ಜಾಸ್ತಿ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದಂತೂ ಅವರ ಹಣೆಯಲ್ಲೇ ಬರೆದಿರಲಿಲ್ಲ.

ಅವರ ಶಿಷ್ಯ ಕಾನ್‌ಸ್ಟೇಬಲ್ ದ್ಯಾಮಣ್ಣ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ನಪಾಸಾಗಿ, ಕಾಡಿ ಬೇಡಿ ಮತ್ತೆ ಬಂದವನು. ಈ ಸಲವೂ ಕೈತಪ್ಪಿದರೆ ಠಾಣೆಯ ಪಹರೆಗೇ ವಾಪಸು, ಇನ್ನೊಂದು ಅವಕಾಶವಿಲ್ಲ. ಬಂದೂಕು ಬಿಚ್ಚಿ ಜೋಡಿಸುವುದು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಅವನ ಜೀವ ಹೀಗೆ ಹಾತೊರೆದದ್ದಿಲ್ಲ.

ಪರೀಕ್ಷೆ ಅಂದರೆ ಇಷ್ಟೇ. ಕೆಟ್ಟುಹೋದ ರೈಫಲ್ ಒಂದನ್ನು ಕೈಗೆ ಕೊಡುತ್ತಾರೆ. ಅದನ್ನು ಸರಿಮಾಡಿ, ಪರೀಕ್ಷೆ ನೋಡಲು ಬರುವ ಸಾಹೇಬರ ಮುಂದೆ ಒಂದು ಮ್ಯಾಗಜಿನ್ ಪೂರ್ತಿ ಎಲ್ಲೂ ನಿಲ್ಲದ ಹಾಗೆ ಹಾರಿಸಿ ತೋರಿಸಬೇಕು.

ದ್ಯಾಮಣ್ಣನ ಪಾಲಿಗೆ ಬಂದದ್ದು ಒಂದು ಹಳೇ ಸೆಲ್ಫ್ ಲೋಡಿಂಗ್ ರೈಫಲ್. ಟ್ರಿಗರ್ ಒತ್ತಿದ ಸಲಕ್ಕೊಂದು ಗುಂಡು ಹಾರಬೇಕು, ಬೋಲ್ಟ್ ಎಂಬ ಅಗುಳಿ ಹಿಂದೆ ಸರಿದು ಖಾಲಿ ತೋಟಾ, ಅಂದರೆ ಗುಂಡಿನ ಹಿತ್ತಾಳೆ ಕವಚ, ಪಕ್ಕದ ಕಿಂಡಿಯಿಂದ ತಾನೇ ಹೊರಬೀಳಬೇಕು, ಮುಂದಿನ ಗುಂಡು ತಾನೇ ಒಳಗೆ ಕೂರಬೇಕು. ಇದರಲ್ಲಿ ಖಾಲಿ ತೋಟಾ ಹೊರಗೇ ಬರುತ್ತಿರಲಿಲ್ಲ. ನಳಿಗೆಯ ಬುಡದ ಗೂಡಿನಲ್ಲೇ ಕಚ್ಚಿಕೊಂಡು ಕೂತುಬಿಡುತ್ತಿತ್ತು.

ದ್ಯಾಮಣ್ಣ ಗೂಡಿಗೆ ಬ್ರಷ್ ಹಾಕಿ ತಿಕ್ಕಿದ. ವರ್ಷಗಟ್ಟಲೆಯ ಮಸಿ, ಒಣಗಿದ ಎಣ್ಣೆ ಎಲ್ಲ ಕಿತ್ತುಬಂತು. ತೋಟಾವನ್ನು ಹಿಡಿದೆಳೆಯುವ ಕೊಕ್ಕೆಯ ಸ್ಪ್ರಿಂಗ್ ಸತ್ತುಹೋಗಿತ್ತು, ಹೊಸದು ಹಾಕಿದ. ಗೆದ್ದೆ ಅಂದುಕೊಂಡು ಮೈದಾನಕ್ಕೆ ಹೋಗಿ ಹಾರಿಸಿದ.

ಮೊದಲ ಗುಂಡು ಹಾರಿತು, ಅಷ್ಟಕ್ಕೇ ನಿಂತಿತು.

"ಉಸ್ತಾದ್ರ, ಮತ್ತ ಅದ ಬ್ಯಾನಿ ಐತ್ರಿ!" ಅಂತ ಓಡಿಬಂದ.

"ಖಾಲಿ ಮಾಡಿದಿ?"

"ಮ್ಯಾಗಜಿನ್ ತಗದೇನ್ರಿ, ಗೂಡು ನೋಡೇನ್ರಿ. ಒಳಗೇನೂ ಇಲ್ರಿ."

"ತೋಟಾ ಎಲ್ಲಿ ಸಿಕ್ಕೊಂಡಿತ್ತು?"

"ಪಕ್ಕದ ಕಿಂಡ್ಯಾಗ್ರಿ. ಅರ್ಧ ಹೊರಗ, ಅರ್ಧ ಒಳಗ. ಬೋಲ್ಟ್ ಅದನ್ನ ಅವಚಿಕೊಂಡು ನಿಂತಿತ್ರಿ."

"ಹಂಗಾರ ಕೊಕ್ಕಿ ಅದನ್ನ ಗೂಡಿನಿಂದ ಕಿಂಡೀತನಕ ತಂದೈತಿ. ಹೌದಿಲ್ಲೋ?"

"ಹೌದ್ರಿ."

"ತನ್ನ ಕೆಲಸ ಮುಗಿಸಿದಾಂವನ್ನ ಮತ್ತ ಯಾಕ ಬೈತಿ?" ಅಂದು ಉಸ್ತಾದರು ಚಹಾವನ್ನು ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡರು.

ದ್ಯಾಮಣ್ಣ ಯೋಚಿಸಿದ. ಎಳೆಯುವ ಕೊಕ್ಕೆ ಸರಿಯಿದೆ ಅಂದಮೇಲೆ, ಎಳೆದು ತಂದದ್ದನ್ನು ಆಚೆಗೆ ಎಸೆಯುವ ಎಜೆಕ್ಟರ್ ಸವೆದಿರಬೇಕು. ಅದನ್ನೂ ಬದಲಿಸಿ ಹಾರಿಸಿದ. ನಿಂತಿತು. ಬೋಲ್ಟನ್ನು ಹಿಂದಕ್ಕೆ ನೂಕುವ ಗ್ಯಾಸು ಸಾಲುತ್ತಿಲ್ಲವೇನೋ ಅಂತ ಅದರ ತಿರುಪು ತಿರುಗಿಸಿದ. ಈಗ ಮೊದಲಿಗಿಂತ ಜೋರಾಗಿ ಬಡಿದು ನಿಂತಿತು. ಪಾಪ, ಅವನಿಗೆ ಊಟ ಸೇರದಂತಾಯಿತು.

ಪರೀಕ್ಷೆಯ ಹಿಂದಿನ ದಿನ ರೈಫಲನ್ನು ರಿಪೇರಿ ಕೋಣೆಯ ಮೇಜಿನ ಮೇಲಿಟ್ಟು, ಮದ್ದಿಲ್ಲದ ಸುಳ್ಳು ಗುಂಡು ತುಂಬಿ, ಕೈಯಿಂದಲೇ ಬೋಲ್ಟ್ ಎಳೆದೆಳೆದು ನೋಡಿದ. ಗುಂಡುಗಳು ಟಣ್ ಟಣ್ ಅಂತ ಹಾರಿ ಕೋಣೆಯ ತುಂಬ ಬಿದ್ದವು. ಒಂದು ಹೋಗಿ ಉಸ್ತಾದರ ಚಹಾದೊಳಗೇ ಮುಳುಗಿತು.

ಉಸ್ತಾದರು ಬೆರಳು ಹಾಕಿ ಅದನ್ನು ತೆಗೆದು ಒರೆಸಿದರು. "ಇಲ್ಲಿ ಹಾರಾಕತ್ತೈತಿ. ಅಲ್ಲಿ ಯಾಕ ಹಾರವಲ್ದು?"

"ಗೊತ್ತಿಲ್ರಿ." ದ್ಯಾಮಣ್ಣ ರೈಫಲನ್ನು ಅತ್ತ ಸರಿಸಿದ. "ನಾಳೆ ಸಾಹೇಬ್ರು ಬರ್ತಾರ್ರಿ. ನನ್ನ ಕೈಗೆ ಏನೋ ಶಾಪ ಐತಿ ಅನಸ್ತೈತ್ರಿ. ಈ ರೈಫಲ್ ಸಾಕ್ರಿ ಉಸ್ತಾದ್ರ, ಬ್ಯಾರೇದು ಕೊಡಸ್ರಿ."

"ನಡಿ, ಮೈದಾನಕ್ಕ ಹೋಗೋಣು."

ಗುಂಡು ಹಾರಿಸುವ ಜಾಗದ ಬಲಕ್ಕೆ ಹೊಳೆಯತನಕ ಹುಲ್ಲೋ ಹುಲ್ಲು. ಹಾರಿಸಿದ ಪ್ರತಿಯೊಂದು ಗುಂಡಿನ ಖಾಲಿ ತೋಟಾವನ್ನೂ ಹೆಕ್ಕಿ ಉಗ್ರಾಣಕ್ಕೆ ಒಪ್ಪಿಸಬೇಕೆಂಬುದು ಅಲ್ಲಿಯ ಕಾನೂನು. ಒಂದು ಕಳೆದರೂ ತಂಡಕ್ಕೆ ತಂಡವೇ ಮೊಣಕಾಲೂರಿ ಹುಲ್ಲು ಸೋಸಬೇಕು. ಹೋದ ವರ್ಷ ಕಳೆದದ್ದು ದ್ಯಾಮಣ್ಣನ ತೋಟಾ. ಹೊತ್ತು ಮುಳುಗುವ ತನಕ ಹುಡುಕುತ್ತ ಗೆಳೆಯರೆಲ್ಲ ಅವನ ವಂಶವನ್ನೇ ಜಾಲಾಡಿದ್ದರು.

ಅದಕ್ಕೇ ಈ ವರ್ಷ ಅವನೊಂದು ಉಪಾಯ ಮಾಡಿದ್ದ. ರೈಫಲಿನ ಬಲಮಗ್ಗುಲಿಗೇ, ಕಿಂಡಿಯಿಂದ ಗೇಣುದ್ದ ಬಿಟ್ಟು, ಒಂದು ಹಲಗೆ ನಿಲ್ಲಿಸಿದ್ದ. ಹಾರಿದ ತೋಟಾ ಹಲಗೆಗೆ ಬಡಿದು ಕಾಲಬುಡದಲ್ಲೇ ಬೀಳಬೇಕು, ಹುಡುಕುವ ತಾಪತ್ರಯವೇ ಇರಬಾರದು.

"ಇದೇನಪಾ?" ಅಂದರು ಉಸ್ತಾದರು.

"ತೋಟಾ ಕಳೀಬಾರ್ದಂತ ನಾನ ಮಾಡೇನ್ರಿ," ಅಂದ ದ್ಯಾಮಣ್ಣ. ಅಂಥ ದುಃಖದಲ್ಲೂ ಅವನಿಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯಿತ್ತು.

ಉಸ್ತಾದರು ನೀರಿನ ಬಾಟಲಿ ಕೊಟ್ಟರು. "ಬಾಯ್ತುಂಬ ನೀರು ಹಾಕ್ಕೊ."

ಹಾಕಿಕೊಂಡ.

"ಹಲಗಿಗೆ ಮೂಗು ಹತ್ತುವಂಗ ಕುಂದ್ರು. ಇನ್ನ ಉಗುಳು. ಮೈಯಾಗ ಎಷ್ಟು ಶಕ್ತಿ ಐತಿ ಅಷ್ಟೂ ಹಾಕಿ ಉಗುಳು."

ದ್ಯಾಮಣ್ಣ ಗಲ್ಲ ಉಬ್ಬಿಸಿ ಉಗುಳಿದ. ನೀರೆಲ್ಲ ತಿರುಗಿ ಅವನ ಮುಖಕ್ಕೇ ರಾಚಿತು. ಮೀಸೆಯಿಂದ ಹನಿ ತೊಟ್ಟಿಕ್ಕಿತು, ಖಾಕಿ ಅಂಗಿ ತೊಯ್ದು ತೊಪ್ಪೆಯಾಯಿತು.

"ಬಾಯಿ ಕೆಟ್ಟೈತೇನು?" ಕೇಳಿದರು ಉಸ್ತಾದರು.

"ಇಲ್ರಿ, ಬಾಯಿ ನೆಟ್ಟಗೈತ್ರಿ."

"ಶಕ್ತಿ ಸಾಲಲಿಲ್ಲೇನು?"

"ಶಕ್ತಿ ಹೆಚ್ಚ ಹಾಕಿದ್ದಕ್ಕ ಹಿಂಗಾತ್ರಿ. ಹಲಗಿ ಭಾಳ ಹತ್ರ..."

ದ್ಯಾಮಣ್ಣ ಮುಖ ಒರೆಸಿಕೊಂಡ. ಹಲಗೆ ನೋಡಿದ. ರೈಫಲಿನ ಕಿಂಡಿ ನೋಡಿದ. ಮತ್ತೆ ಹಲಗೆ ನೋಡಿದ.

"ಅಯ್ಯಯ್ಯೋ, ಉಸ್ತಾದ್ರ!"

ಎದ್ದವನೇ ಹಲಗೆಯನ್ನು ಕಿತ್ತು ದೂರ ಬಿಸಾಡಿದ. ರೈಫಲಿಗೆ ಕೈ ಹಾಕುವಷ್ಟರಲ್ಲಿ ಉಸ್ತಾದರು ಗದರಿದರು. "ಗ್ಯಾಸಿನ ತಿರುಪು ಯಾರು ತಿರುಗಿಸಬೇಕು, ನಮ್ಮಪ್ಪ?"

ದ್ಯಾಮಣ್ಣ ನಾಲಗೆ ಕಚ್ಚಿಕೊಂಡು ಅದನ್ನು ಮೊದಲಿನ ಜಾಗಕ್ಕೆ ತಂದ. ಮಲಗಿ ಗುರಿಯಿಟ್ಟು ಹಾರಿಸಿದ. ಮ್ಯಾಗಜಿನ್ ಪೂರ್ತಿ ಮುಗಿಯುವ ತನಕ ರೈಫಲ್ ಒಮ್ಮೆಯೂ ನಿಲ್ಲಲಿಲ್ಲ. ತೋಟಾಗಳು ಬಿಸಿಲಿಗೆ ಫಳಫಳ ಅನ್ನುತ್ತ ಹುಲ್ಲಿನೊಳಗೆ ಬಿದ್ದವು. ಅವನಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು.

"ಇದರ ಬ್ಯಾನಿ ಯಾವಾಗ ಹೋಗಿತ್ರಿ, ಉಸ್ತಾದ್ರ?"

"ನೀ ಬ್ರಷ್ ಹಾಕಿ ಸ್ಪ್ರಿಂಗ್ ಬದಲಿಸಿದ ದಿನಾನ."

"ಮತ್ತ ಹೇಳಲಿಲ್ಲಲ್ರಿ!"

"ನೀ ಬರೇ ಬಂದೂಕಿನ ಸುದ್ದಿ ಕೇಳಾಕತ್ತಿದ್ದಿ."

ಆಮೇಲೆ ಇಬ್ಬರೂ ಹುಲ್ಲಿನಲ್ಲಿ ಬಗ್ಗಿ ಹುಡುಕಿದರು. ತೋಟಾಗಳೆಲ್ಲ ಸಿಕ್ಕವು. ಉಸ್ತಾದರ ಸೊಂಟ ಮಾತ್ರ ಹಿಡಿದುಕೊಂಡಿತು.

ಮರುದಿನ ಸಾಹೇಬರು ಬಂದರು. ರೈಫಲ್ ಎಲ್ಲೂ ತಡೆಯದೆ ಹಾರಿತು. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಭೇಷ್. ಏನಾಗಿತ್ತು ಇದಕ್ಕೆ?" ಅಂದರು.

ದ್ಯಾಮಣ್ಣ ಲೆಕ್ಕ ಹಾಕಿದ. ಗೂಡು ಹೊಲಸಾಗಿತ್ತು, ಸ್ಪ್ರಿಂಗ್ ಸತ್ತಿತ್ತು ಅಂದುಬಿಟ್ಟರೆ ಸಾಕು. ಅದು ಸುಳ್ಳೂ ಅಲ್ಲ. ಹಲಗೆಯ ಕಥೆ ಹೇಳಿದರೆ ಇಂಥ ದಡ್ಡನ ಕೈಗೆ ಬಂದೂಕು ಕೊಡಬೇಡಿ ಅಂದಾರು. ಉಸ್ತಾದರ ಕಡೆ ನೋಡಿದ. ಅವರು ಹೊಳೆಯ ಕಡೆ ನೋಡುತ್ತಿದ್ದರು.

"ಗೂಡು ಹೊಲಸಾಗಿತ್ರಿ ಸಾಹೇಬ್ರ, ಕೊಕ್ಕಿ ಸ್ಪ್ರಿಂಗ್ ಸತ್ತಿತ್ರಿ. ಅದನ್ನ ಸರಿ ಮಾಡಿದೆ. ಅದಾದ ಮ್ಯಾಲೆ ಕೆಡಿಸಿದಾಂವ ನಾನ ರೀ."

ಹಲಗೆಯಿಂದ ಹಿಡಿದು ಮುಖಕ್ಕೆ ರಾಚಿದ ನೀರಿನ ತನಕ ಎಲ್ಲವನ್ನೂ ಒದರಿಬಿಟ್ಟ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಧಾರಿಸಿಕೊಂಡು ಉಸ್ತಾದರತ್ತ ತಿರುಗಿದರು.

"ಏನ್ ಮಾಡೋಣ ಇವನನ್ನ?"

"ನನ್ನ ಕೋಣಿಗೆ ಕಳಸ್ರಿ," ಅಂದರು ಉಸ್ತಾದರು.

"ಸರಿ. ಪಾಸ್."

ಸಂಜೆ ದ್ಯಾಮಣ್ಣ ರಿಪೇರಿ ಕೋಣೆಗೆ ಹೋಗಿ ಉಸ್ತಾದರ ಕಾಲಿಗೆ ಬೀಳಲು ಬಗ್ಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ತಮ್ಮ ಪಕ್ಕಕ್ಕೊಂದು ಸ್ಟೂಲ್ ಸರಿಸಿದರು. ಮೇಜಿನ ಮೇಲೆ ಬೇರೊಂದು ರೈಫಲ್ ಬಿಚ್ಚಿಕೊಂಡು ಬಿದ್ದಿತ್ತು.

"ಇದಕ್ಕೇನಾಗೈತ್ರಿ, ಉಸ್ತಾದ್ರ?"

"ನನಗೂ ತಿಳೀವಲ್ದು. ಕುಂದ್ರು. ಮೊದಲ ಏನ ಕೇಳೋಣು, ನೀ ಹೇಳು."